ಕಂಸದೊಳಗಿನ ಮಾತು

ಬೈಲಹೊಂಗಲ
೧೪ ಜೂನ್ ೧೯೯೮

ಪೂಜ್ಯ ಜಟ್ಟೆಪ್ಪ ಮಾಸ್ತರರಿಗೆ ನಿಜಗುಣಪ್ಪನ ಶರಣಾರ್ಥಿ.

ಪರದೆ ಎದ್ದಿತು, ಮಾಸ್ತರ. ನಮ್ಮ ನಾಟಕ ಕಂಪನಿ ಸವದತ್ತಿಯ ಕ್ಯಾಂಪಿನಲ್ಲಿ ಗಂಟುಮೂಟೆ ಕಟ್ಟಿದಂದಿನಿಂದ ನಾಲ್ಕು ವರ್ಷ ಬಿದ್ದೇ ಇದ್ದ ಪರದೆ, ಕಳೆದ ಸೋಮವಾರ ಯರಗಟ್ಟಿಯ ಬಸ್ ನಿಲ್ದಾಣದ ಎದುರು ಹಾಡಹಗಲು ಹನ್ನೊಂದು ಗಂಟೆಗೆ ಎದ್ದಿತು. ರಂಗಮಂಚ ಒಂದು ಬಿಳಿ ಜೀಪು. ದೀಪದ ವ್ಯವಸ್ಥೆ ಸೂರ್ಯನದು. ಪ್ರೇಕ್ಷಕರೆಂದರೆ ಬೀಜ ಕೊಳ್ಳಲು ಬಂದವರು, ಚಹಾ ಕುಡಿಯುವವರು, ಬಸ್ಸು ತಪ್ಪಿಸಿಕೊಂಡವರು. ಪಾತ್ರಧಾರಿ ಒಬ್ಬನೇ, ನಿಮ್ಮ ನಿಜಗುಣಿ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಲಿಲಾವು ಕೂಗಿಕೊಂಡು ಹೊಟ್ಟೆ ಹೊರೆಯುತ್ತಿದ್ದೆನೆಂದು ನಿಮಗೆ ಗೊತ್ತು. ಅಲ್ಲಿ ನನ್ನ ಧ್ವನಿ ಕೇಳಿ ರಾಯಪ್ಪ ಎಂಬ ಒಬ್ಬ ಮ್ಯಾನೇಜರು ಹುಡುಕಿಕೊಂಡು ಬಂದ. ‘ಬಂಗಾರಬೇಲಿ’ ಎಂಬ ಭೂಮಿ ಕಂಪನಿಯವನು. ಕಿತ್ತೂರಿನ ಆಚೆ, ಹೆದ್ದಾರಿಯ ಮಗ್ಗುಲಿಗೆ ನೂರಾರು ಎಕರೆ ಭೂಮಿ ಇದೆಯಂತೆ. ಮಂದಿ ಕೂಡಿ ರೊಕ್ಕ ಹಾಕುವುದು, ಕಂಪನಿ ತೋಟ ಮಾಡಿ ನಿವೇಶನ ಹಾಕುವುದು, ಐದು ವರ್ಷಕ್ಕೆ ಲಾಭ ಹಂಚುವುದು. ಊರೂರಿಗೆ ಹೋಗಿ ಇದನ್ನು ಸಾರಲು ಅವನಿಗೊಂದು ಗಂಟಲು ಬೇಕಿತ್ತು.

“ಮಾಸ್ತರ, ನೀವು ರಾಜಾನ ಪಾರ್ಟ ಮಾಡಿದವ್ರು. ಮಂದಿ ಎದಿಗೆ ಹತ್ತಬೇಕು ನೋಡ್ರಿ” ಎಂದು ಅಚ್ಚಾದ ಒಂದು ಕಾಗದ ಕೈಗೆ ಕೊಟ್ಟ.

ನಾನು ಜೀಪಿನ ಬಾನೆಟ್ಟಿನ ಮೇಲೆ ಒಂದು ಕಾಲಿಟ್ಟು, ಮೈಕನ್ನು ಗದೆಯಂತೆ ಹಿಡಿದು ಬಿಟ್ಟೆ ನೋಡಿ: “ಕೇಳಿರಿ, ನಾಡ ಮಹಾಜನರೇ. ಹೆದ್ದಾರಿಯ ಬದಿಗೆ ಹೊನ್ನಿನ ಬೇಲಿ. ಮಳೆಗೆ ಅಂಜದ ಬೆಳೆ, ಕಳ್ಳನಿಗೆ ಸಿಗದ ಗಂಟು. ಇಂದು ಇಟ್ಟದ್ದು ಐದೇ ವರ್ಷಕ್ಕೆ ಇಮ್ಮಡಿ. ಬೇಕಾದವರಿಗೆ ರೊಕ್ಕ, ಬೇಕಾದವರಿಗೆ ಮನೆಯ ಜಾಗ. ನಿಮ್ಮ ಹೆಸರಿನ ಬಾಗಿಲು ನಿಮ್ಮ ದಾರಿ ಕಾಯುತ್ತಿದೆ.”

ಕೊನೆಯ ಮಾತು ಕಾಗದದಲ್ಲಿ ಇರಲಿಲ್ಲ. ನಿಮ್ಮ ಮನೆಯವರು ಶಟ್ಟೆವ್ವ ವೈನಿಯವರಿಂದ ಕದ್ದದ್ದು. ಕ್ಯಾಂಪಿನಿಂದ ಕ್ಯಾಂಪಿಗೆ ಒಲೆ ಹೊತ್ತು ತಿರುಗುವಾಗ ಅವರು ಹೇಳುತ್ತಿದ್ದರಲ್ಲ, “ಸಾಯೂದ್ರಾಗ ಒಂದು ಬಾಗಲಾ ನನ್ನ ಹೆಸರೀಲೆ ಆಗಬೇಕು ನೋಡು” ಅಂತ. ಕಳುವನ್ನು ಮನ್ನಿಸಲು ಹೇಳಿರಿ.

ಕಾಗದದ ಕೊನೆಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೂ ನಾಲ್ಕು ಸಾಲು ಇದ್ದವು. ಆದರೆ ಕಂಸದೊಳಗೆ. ನಾನೇನು ಮೊದಲ ವರ್ಷದ ಹುಂಬನೇ? ಕಂಸದೊಳಗಿನದು ನಟನ ಕಣ್ಣಿಗೆ, ಮಂದಿಯ ಕಿವಿಗಲ್ಲ ಎಂದು ಕಲಿಸಿದವರು ನೀವು. ನನ್ನ ಮೊದಲ ಪ್ರಯೋಗದಲ್ಲಿ ನಾನು ಕತ್ತಿ ಹಿರಿಯುವುದನ್ನು ಬಿಟ್ಟು “ಕತ್ತಿಯನ್ನು ಹಿರಿಯುತ್ತ” ಎಂದು ಗರ್ಜಿಸಿದ್ದೂ, ಇಡೀ ಥೇಟರು ನಕ್ಕಿದ್ದೂ ನೆನಪಿರಬೇಕು. ಅಂದಿನಿಂದ ಕಂಸ ಕಂಡರೆ ನನ್ನ ಬಾಯಿಗೆ ತಾನಾಗಿ ಬೀಗ ಬೀಳುತ್ತದೆ.

ರಾಯಪ್ಪ ಪಕ್ಕದಲ್ಲೇ ನಿಂತು ಕಾಗದದ ಮೇಲೆ ಬೆರಳಾಡಿಸುತ್ತಿದ್ದ. ನಾನು ಮುಗಿಸಿದಾಗ ಅವನ ಬೆರಳು ಕಂಸದ ಹತ್ತಿರ ನಿಂತಿತ್ತು. ನನ್ನನ್ನೊಮ್ಮೆ ನೋಡಿದ, ಸೇರಿದ ಮಂದಿಯನ್ನೊಮ್ಮೆ ನೋಡಿದ, ಕಾಗದ ಮಡಚಿ ನನ್ನ ಕಿಸೆಗೆ ಇಟ್ಟ. “ಇಷ್ಟ ಸಾಕ್ರಿ ಮಾಸ್ತರ. ಇನ್ನ ಮ್ಯಾಲೂ ಹಿಂಗ ಇರಲಿ” ಎಂದ. ಇಪ್ಪತ್ತೆರಡು ವರ್ಷ ಪರದೆಯ ಮರೆಯಲ್ಲಿ ನಿಂತು ನನಗೆ ಮಾತು ಎತ್ತಿಕೊಟ್ಟ ನಿಮ್ಮ ಹೊರತು ಯಾರೂ ನನ್ನನ್ನು ಹಾಗೆ ಒಪ್ಪಿಕೊಂಡಿರಲಿಲ್ಲ.

ಮುಂದಿನ ತಿಂಗಳು ರಾಮದುರ್ಗಕ್ಕೂ ಜೀಪು ಬರುತ್ತದೆ. ಕಿವಿ ತೆರೆದಿಟ್ಟಿರಿ.

ನಿಮ್ಮ ಪಾದದ ಬಳಿಯವ,
ನಿಜಗುಣಪ್ಪ

·

ರಾಮದುರ್ಗ
೨ ಆಗಸ್ಟ್ ೧೯೯೮

ಚಿರಂಜೀವಿ ನಿಜಗುಣಿಗೆ ಜಟ್ಟೆಪ್ಪನ ಆಶೀರ್ವಾದ.

ಅಕ್ಷರ ಮಗಳು ಮೀನಾಳದು, ಮಾತು ನನ್ನದು. ಎರಡೂ ಕಣ್ಣಿಗೆ ಮಂಜು ಕವಿದಿದೆ. ಸಾವಿರ ರಾತ್ರಿ ಕಂದೀಲಿನ ಬೆಳಕಿನಲ್ಲಿ ನಿನ್ನ ಮಾತುಗಳನ್ನು ಓದಿದ ಕಣ್ಣು, ಈಗ ರಜೆ ಕೇಳುತ್ತಿವೆ. ಡಾಕ್ಟರು ಒಂದು ಕಣ್ಣನ್ನು ಕೊಯ್ದು ನೋಡಿದರು, ಗುಣವಿಲ್ಲ.

ನಿನ್ನ ಜೀಪು ಬಂದಿತ್ತು. ನಾನು ಒಳಗೆ ಮಲಗಿದ್ದೆ. ಮೂರು ಓಣಿ ಆಚೆಯಿಂದಲೇ ಗುರುತು ಹಿಡಿದೆ. ‘ಇಮ್ಮಡಿ’ ಎನ್ನುವಾಗ ಉಸಿರು ಸ್ವಲ್ಪ ಬೇಗ ಬಿಟ್ಟೆ. ಮುಂದಿನ ಸಲ ‘ವರ್ಷಕ್ಕೆ’ ಆದ ಮೇಲೆ ಒಂದು ನಿಲುಗಡೆ ಕೊಡು. ಕಂಸದ ಪಾಠ ಮರೆತಿಲ್ಲವೆಂದು ಕೇಳಿ ಸಂತೋಷವಾಯಿತು. ಇಷ್ಟು ವರ್ಷ ಬಡಕೊಂಡದ್ದು ಹಾಳಾಗಲಿಲ್ಲ.

ಇನ್ನು ನಿನ್ನ ವೈನಿಯ ಸುದ್ದಿ. ಬಾಗಿಲಲ್ಲಿ ನಿಂತು ಕೊನೆಯ ಮಾತು ಕೇಳಿದವಳೇ ಒಳಗೆ ಬಂದು ಕುಳಿತಳು.

“ಏನಾತು?” ಎಂದೆ.

“ಅದು ನನ್ನ ಮಾತ ಅಲ್ಲೇನು?” ಎಂದಳು.

“ಹೌದು. ಅಂವಾ ಕಳ್ಳ.”

“ಕಳ್ಳ ಆದ್ರೂ ನಮ್ಮ ಮನ್ಯಾಗಿನ ಕಳ್ಳ. ಬ್ಯಾರೆ ಯಾರರ ಹೇಳಿದ್ರ ನಾ ನಂಬತಿದ್ದಿಲ್ಲ” ಎಂದು ಎದ್ದು, ಕೊರಳಿನ ಬೋರಮಾಳ ತೆಗೆದು ಸೆರಗಿನಲ್ಲಿ ಕಟ್ಟಿದಳು. ಮರುದಿನ ಸರಾಫನ ಅಂಗಡಿ, ಅದರ ಮರುದಿನ ನಿಮ್ಮ ರಾಯಪ್ಪನ ಟೇಬಲ್ಲು. ಪಾವತಿಯನ್ನೂ ಅಚ್ಚಿನ ಕಾಗದವನ್ನೂ ಟ್ರಂಕಿನಲ್ಲಿಟ್ಟಿದ್ದಾಳೆ. ನನಗೆ ಕಾಣುವುದಿಲ್ಲ, ಅವಳಿಗೆ ಓದು ಬರುವುದಿಲ್ಲ, ಮೀನಾ ಆಗ ಧಾರವಾಡದಲ್ಲಿ ಟೈಪಿಂಗ್ ಪರೀಕ್ಷೆಗೆ ಹೋಗಿದ್ದಳು. ಇರಲಿ, ಓದುವುದೇನಿದೆ. ಬಾಯಿ ನಿನ್ನದಲ್ಲವೇ.

ರೊಕ್ಕ ಬೇಡವಂತೆ, ಜಾಗವೇ ಬೇಕಂತೆ. ಪೂರ್ವಕ್ಕೆ ಬಾಗಿಲು, ಹಿತ್ತಲಿಗೆ ಒಂದು ನುಗ್ಗೆಗಿಡ. ಈಗಲೇ ಜಗಳ ಶುರು. ನನಗೆ ನುಗ್ಗೆಕಾಯಿ ಸೇರುವುದಿಲ್ಲ.

ನಿನ್ನ,
ಜಟ್ಟೆಪ್ಪ

·

ಬೈಲಹೊಂಗಲ
೫ ಡಿಸೆಂಬರ್ ೧೯೯೯

ಮಾಸ್ತರರಿಗೆ ಶರಣು.

ಜೀಪು ನಿಂತಿತು. ಮುಂಬಯಿಯಿಂದ ಏನೋ ಹೊಸ ನಿಯಮ ಬಂದಿದೆಯಂತೆ. ಹೆಸರು ನೋಂದಿಸುವವರೆಗೆ ಎಲ್ಲಿಯೂ ಸಾರಬಾರದು, ಮಂದಿಯಿಂದ ಹೊಸದಾಗಿ ರೊಕ್ಕ ಕೂಡಿಸಬಾರದು. “ಸ್ವಲ್ಪ ದಿನದ ಮಾತ್ರಿ, ಕಾಗದಾ ಓಡ್ಯಾಡಾಕತ್ಯಾವು” ಎನ್ನುತ್ತಾನೆ ರಾಯಪ್ಪ. ಆದರೆ ಹೋದ ವಾರ ಕಿತ್ತೂರಿನ ಆಫೀಸಿನ ಕುರ್ಚಿಗಳನ್ನು ಟೆಂಪೋಕ್ಕೆ ಹಾಕುತ್ತಿದ್ದರು. ನಾಟಕ ಮುಗಿಯುವ ಮೊದಲೇ ಸೀನು ಬಿಚ್ಚುವ ಕಂಪನಿಯನ್ನು ನಾವಿಬ್ಬರೂ ನೋಡಿದ್ದೇವೆ. ಆ ಸದ್ದು ನನಗೆ ಗೊತ್ತು.

ವೈನಿಯವರಿಗೆ ಇದನ್ನು ಈಗಲೇ ಹೇಳಬೇಡಿ. ನಾನೇ ವಿಚಾರಿಸಿ ಬರೆಯುತ್ತೇನೆ.

ನಿಜಗುಣಪ್ಪ

·

ರಾಮದುರ್ಗ
೨೦ ಜನವರಿ ೨೦೦೦

ನಿಜಗುಣಪ್ಪ ಕಾಕಾ ಅವರಿಗೆ ಮೀನಾಳ ನಮಸ್ಕಾರಗಳು.

ಈ ಪತ್ರ ನನ್ನದೇ. ಅಪ್ಪ ಹೇಳಿ ಬರೆಸಿದ್ದಲ್ಲ. ನಾನೀಗ ಇಲ್ಲಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೇನೆ. ನಿಮ್ಮ ಪತ್ರ ಬಂದ ಮೇಲೆ ಟ್ರಂಕಿನಿಂದ ಆ ಕಾಗದ ತೆಗೆದು ಸಾಹೇಬರಿಗೆ ತೋರಿಸಿದೆ.

ಅವರು ಹೇಳಿದ್ದನ್ನು ತಿಳಿದಷ್ಟು ಬರೆಯುತ್ತೇನೆ. ಹೀಗೆ ಮಂದಿಯ ರೊಕ್ಕ ಕೂಡಿಸಿ ಭೂಮಿ ಮೇಲೆ ಹಾಕಿ ಲಾಭ ಹಂಚುವ ಯೋಜನೆಗಳಿಗೆ ‘ಸೆಬಿ’ ಎಂಬ ಸಂಸ್ಥೆ ಹೋದ ಅಕ್ಟೋಬರದಲ್ಲಿ ನಿಯಮ ತಂದಿದೆ. ನೋಂದಣಿ ಇಲ್ಲದೆ ಜಾಹೀರಾತು ಮಾಡುವಂತಿಲ್ಲ. ಇಷ್ಟು ವರ್ಷಕ್ಕೆ ಇಷ್ಟು ಬಂದೇ ಬರುತ್ತದೆ ಎಂದು ಖಾತ್ರಿ ಕೊಡುವಂತಿಲ್ಲ. ಹೇಳುವುದು ನಿಜವಿರಬೇಕು, ಯಾರನ್ನೂ ದಾರಿ ತಪ್ಪಿಸಬಾರದು, ಅಪಾಯವಿದ್ದರೆ ಮುಚ್ಚಿಡಬಾರದು. ನೋಂದಣಿ ಮಾಡಿಸದವರು ಯೋಜನೆ ಮುಚ್ಚಿ ರೊಕ್ಕ ತಿರುಗಿ ಕೊಡಬೇಕು. ಇಂಥದೇನೋ ಬರುತ್ತದೆಂದು ಎರಡು ವರ್ಷದಿಂದ ಸುದ್ದಿ ಇತ್ತಂತೆ. ಅದಕ್ಕೇ ಬಂಗಾರಬೇಲಿಯವರು ತಮ್ಮ ತಲೆ ಉಳಿಸಿಕೊಳ್ಳಲು ಮೊದಲೇ ನಾಲ್ಕು ಸಾಲು ಅಚ್ಚು ಹಾಕಿಸಿದ್ದರು.

ಕಾಕಾ, ಕಂಸದೊಳಗಿನ ಆ ನಾಲ್ಕು ಸಾಲನ್ನು ನೀವು ಎಂದಾದರೂ ಓದಿದ್ದಿರಾ? ಇಲ್ಲಿ ಬರೆಯುತ್ತೇನೆ:

(ಈ ಯೋಜನೆ ಯಾವುದೇ ಸರಕಾರಿ ಸಂಸ್ಥೆಯಲ್ಲಿ ನೋಂದಣಿ ಆಗಿರುವುದಿಲ್ಲ. ಮೇಲೆ ಹೇಳಿದ ಲಾಭಕ್ಕೆ ಖಾತ್ರಿ ಇರುವುದಿಲ್ಲ. ಹಾಕಿದ ಹಣವೂ ಪೂರ್ತಿ ಬಾರದೆ ಹೋಗಬಹುದು. ಭೂಮಿಯ ಕಾಗದಪತ್ರ ನೋಡಿದ ಮೇಲೆಯೇ ನಿರ್ಧರಿಸತಕ್ಕದ್ದು.)

ಇದನ್ನು ಅಪ್ಪನಿಗೆ ಓದಿ ಹೇಳಿದೆ. “ಇನ್ನೊಮ್ಮೆ ಓದು” ಎಂದ. ಓದಿದೆ. “ಇದು ಕಂಸದಾಗ ಇತ್ತಾ?” ಎಂದು ಕೇಳಿದ. ಹೌದು ಎಂದೆ. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವನು ಇವತ್ತಿಗೆ ಆರು ದಿನ, ಊಟಕ್ಕೆ ‘ಸಾಕು’ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿಲ್ಲ.

ಅವ್ವ ನನ್ನನ್ನು ಕೇಳಿದಳು, “ಆ ಸಾಲು ನಿಜಗುಣಪ್ಪ ಹೇಳಿದ್ನೇನ ಮೀನಾ? ನಾ ಆ ಹೊತ್ತಿನಾಗ ಒಲಿ ಕಡೆ ಹೋಗಿದ್ನೇನೋ.” ಅದಕ್ಕೆ ಉತ್ತರ ನೀವೇ ಬರೆಯಿರಿ.

ಮೀನಾ

·

ಬೈಲಹೊಂಗಲ
೨೯ ಜನವರಿ ೨೦೦೦

ಮಾಸ್ತರ,

ವೈನಿಯವರಿಗೆ ಹೇಳಿರಿ, ಅವರು ಒಲೆಯ ಕಡೆ ಹೋಗಿರಲಿಲ್ಲ. ನಾನೇ ಆ ಸಾಲು ಹೇಳಿರಲಿಲ್ಲ. ರಾಮದುರ್ಗದಲ್ಲಿಯೂ ಇಲ್ಲ, ಸವದತ್ತಿಯಲ್ಲಿಯೂ ಇಲ್ಲ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರಖಾನೆಯ ಗೇಟಿನ ಮುಂದೆ ಕಬ್ಬಿನ ಗಾಡಿಗಳನ್ನು ನಿಲ್ಲಿಸಿ ಸಾರಿದಾಗಲೂ ಇಲ್ಲ. ಒಂದೂವರೆ ವರ್ಷ ಆ ಕಾಗದ ನನ್ನ ಕಿಸೆಯಲ್ಲಿತ್ತು. ಬಾಯಿಪಾಠವಾದ ಮೇಲೆ ಒಮ್ಮೆಯೂ ಬಿಡಿಸಿ ನೋಡಲಿಲ್ಲ.

ರಾಜರ ಪಾತ್ರ ಮಾಡಿದವನು ನಾನು. ರಂಗದ ಮೇಲೆ ಎಷ್ಟೋ ಸಲ ಮೋಸ ಮಾಡಿದ್ದೇನೆ, ಮನೆ ಮುರಿದಿದ್ದೇನೆ, ಮಂದಿ ಬೈದಾಗ ಹಿಗ್ಗಿದ್ದೇನೆ. ಬಣ್ಣ ಒರೆಸಿದರೆ ಮುಗಿಯುತ್ತಿತ್ತು. ಇದನ್ನು ಯಾವ ಎಣ್ಣೆಯಿಂದ ಒರೆಸಲಿ?

ಬೈಯಿರಿ. ಮೀನಾಳ ಕೈಯಿಂದ ಬೈಸಿ ಬರೆಸಿರಿ. ಸುಮ್ಮನೆ ಮಾತ್ರ ಇರಬೇಡಿ.

ನಿಜಗುಣಪ್ಪ

·

ಬೈಲಹೊಂಗಲ
೧೧ ಸೆಪ್ಟೆಂಬರ್ ೨೦೦೦

ಮಾಸ್ತರ,

ನೀವು ಬರೆಯುವುದನ್ನು ಬಿಟ್ಟ ಮೇಲೆ ಇದು ನನ್ನ ಐದನೆಯ ಪತ್ರ. ರಾಮದುರ್ಗದ ತನಕ ಬಂದಿದ್ದೆ, ಹೋದ ಶುಕ್ರವಾರ. ನಿಮ್ಮ ಓಣಿಯ ತಿರುವಿನಲ್ಲಿ ಒಬ್ಬ ನೇಕಾರ ನನ್ನ ಮಾತು ಕೇಳಿ, “ನೀವು ಜೀಪಿನವ್ರಲ್ಲೇನ್ರಿ?” ಎಂದ. ಕೈ ಮುಗಿದು ತಿರುಗಿ ಬಸ್ಸು ಹತ್ತಿದೆ.

ಈಗ ಲಿಲಾವು ಕೂಗುವುದನ್ನೂ ಬಿಟ್ಟಿದ್ದೇನೆ. ಪೇಟೆಯಲ್ಲಿ ಚೀಲ ಹೊಲಿಯುತ್ತೇನೆ. ಅದಕ್ಕೆ ಧ್ವನಿ ಬೇಕಾಗುವುದಿಲ್ಲ.

ನಿಜಗುಣಪ್ಪ

·

ಬೈಲಹೊಂಗಲ
೧೮ ಜನವರಿ ೨೦೦೨

ಮಾಸ್ತರರಿಗೆ ಶರಣು.

ನೀವು ಬರೆಯದಿದ್ದರೂ ಈ ಸಲ ಬರೆಯಲೇಬೇಕಾಗಿದೆ.

ರಾಯಪ್ಪ ಬಂದಿದ್ದ. ಎರಡು ವರ್ಷದ ಮೇಲೆ ಮೊದಲ ಸಲ ಮುಖ ತೋರಿಸಿದ. ಮೀನಾಳ ಸಾಹೇಬರು ಎಂಬತ್ತು ಮಂದಿಯ ಪರವಾಗಿ ಬೆಳಗಾವಿಯ ಗ್ರಾಹಕ ವೇದಿಕೆಯಲ್ಲಿ ಹಾಕಿದ ದಾವೆ ಸಾಕ್ಷಿಯ ಹಂತಕ್ಕೆ ಬಂದಿದೆಯಂತೆ. ಜಾಹೀರಾತು ಸಾರಿದವನು ನಾನಾದ್ದರಿಂದ ನನ್ನನ್ನೂ ಕರೆಯುತ್ತಾರಂತೆ. ರಾಯಪ್ಪನ ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ: ‘ಪ್ರತಿ ಊರಿನಲ್ಲಿಯೂ ಕಂಸದೊಳಗಿನ ಎಚ್ಚರಿಕೆಯನ್ನು ಸ್ಪಷ್ಟವಾಗಿ ಓದಿ ಹೇಳಿರುತ್ತೇನೆ.’ ಕೆಳಗೆ ನನ್ನ ಸಹಿಗೆ ಜಾಗ.

“ನಾ ಓದಿಲ್ಲಲ್ಲೋ” ಎಂದೆ.

“ಓದೇನಿ ಅಂದ್ರ ನಿಮ್ಮ ತಲೀ ಮ್ಯಾಲೂ ಏನೂ ಬರಂಗಿಲ್ರಿ, ನಮ್ಮ ತಲೀ ಮ್ಯಾಲೂ ಬರಂಗಿಲ್ಲ. ಓದಿಲ್ಲ ಅಂದ್ರ ಕಂಪನಿ ಏನ ಹೇಳತೈತಿ ಗೊತ್ತೈತೇನ್ರಿ? ನಾವು ಅಚ್ಚ ಹಾಕಿಸಿ ಕೊಟ್ಟಿದ್ವಿ, ಹೇಳದ ಬಿಟ್ಟಂವ ನಾಟಕದಂವ ಅಂತೈತಿ.”

“ಯರಗಟ್ಟಿಯೊಳಗ ನೀನ ಪಕ್ಕಕ್ಕ ನಿಂತಿದ್ದೆಲ್ಲಪಾ. ಇಷ್ಟ ಸಾಕ್ರಿ ಅಂದವ ನೀನ.”

“ಯಾರ ಕೇಳ್ಯಾರ್ರಿ ಮಾಸ್ತರ, ಅದನ್ನ?” ಎಂದು ನಕ್ಕ. ಹೊಸ ನಿವೇಶನದ ಕಂಪನಿಯೊಂದು ಬರುತ್ತದಂತೆ, ಅದರಲ್ಲಿ ನನಗೆ ಖಾಯಂ ಕೆಲಸವಂತೆ. ಹಾಳೆಯನ್ನು ಅವನೆದುರೇ ನಾಲ್ಕು ಚೂರು ಮಾಡಿದೆ. ನಾಟಕದಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಪೇಟೆಯಲ್ಲಿ ಒಂದು ಎತ್ತು ಕೆಮ್ಮಿತು, ಅಷ್ಟೇ.

ಅವನು ಹೋದ ಮೇಲೆ ಹೊಳೆಯಿತು, ಕೇಳಿದ್ದಕ್ಕೆ ಸಾಕ್ಷಿ ಉಂಟು. ಯರಗಟ್ಟಿಯ ಪ್ರಯೋಗವಾದ ವಾರವೇ ನಿಮಗೆ ಉದ್ದದ ಪತ್ರ ಬರೆದಿದ್ದೆ. ನಾನು ಕಂಸ ಬಿಟ್ಟದ್ದು, ರಾಯಪ್ಪ ಬೆರಳಿಟ್ಟು ನೋಡಿದ್ದು, ‘ಹಿಂಗ ಇರಲಿ’ ಎಂದದ್ದು, ಎಲ್ಲವೂ ಅದರಲ್ಲಿದೆ. ಅಂಚೆಯ ಮುದ್ರೆಯ ತಾರೀಖೂ ಇದೆ. ದಾವೆಯ ಮಾತೇ ಇಲ್ಲದ ಕಾಲದ ಪತ್ರ, ಯಾರೂ ಸುಳ್ಳೆನ್ನಲಾರರು. ಅದನ್ನು ಮೀನಾಳ ಕೈಯಲ್ಲಿ ಕೊಡಿರಿ. ನನ್ನ ಮಾನ ಹೋಗುತ್ತದೆ, ಹೋಗಲಿ. ವೈನಿಯವರ ಬಾಗಿಲು ಬರಲಿ.

ನಿಜಗುಣಪ್ಪ

·

ರಾಮದುರ್ಗ
೩ ಫೆಬ್ರುವರಿ ೨೦೦೨

ನಿಜಗುಣಿ,

ಮೀನಾಳಿಗೆ ತಿಳಿಯದಂತೆ ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಏರಿದ್ದರೆ ಬಿಡಿಸಿಕೊಂಡು ಓದು. ನಿನ್ನ ಪತ್ರವನ್ನು ಪಕ್ಕದ ಮನೆಯ ಶಾಲೆಯ ಹುಡುಗಿಯಿಂದ ಓದಿಸಿದೆ.

ಆ ಪತ್ರ ಇಲ್ಲ.

ದಾವೆ ಹಾಕುವಾಗ ಮೀನಾಳ ಸಾಹೇಬರು, “ಮನ್ಯಾಗ ಏನೇನ ಕಾಗದಾ ಅದಾವ ಎಲ್ಲಾ ತರ್ರಿ” ಎಂದಿದ್ದರು. ನನಗೆ ನೆನಪಾಯಿತು, ನಿನ್ನ ಕೈಬರಹದಲ್ಲಿಯೇ ನಿನ್ನ ತಪ್ಪು ಇದೆ ಎಂದು. ರಾಯಪ್ಪನ ಮಾತು ನೆನಪಾಗಲಿಲ್ಲ. ನಿನ್ನ ತಪ್ಪೊಂದೇ ಕಾಣಿಸಿತು, ಅದರ ಹಿಂದೆ ನನ್ನದು. ತಾಯಿ ಮಗಳು ಸಂತೆಗೆ ಹೋದ ದಿನ ಟ್ರಂಕಿನಿಂದ ನಿನ್ನ ಪತ್ರಗಳ ಗಂಟು ತೆಗೆದೆ. ಯಾವುದು ಆ ಪತ್ರ ಎಂದು ಕಣ್ಣಿಗೆ ತಿಳಿಯಲಿಲ್ಲ. ಯಾರನ್ನಾದರೂ ಕೇಳಿದರೆ ಗೊತ್ತಾಗಿಬಿಡುತ್ತದೆ. ಎಲ್ಲವನ್ನೂ ನೀರೊಲೆಗೆ ಹಾಕಿದೆ. ನೀನು ನಾಟಕ ಕಂಪನಿಗೆ ಸೇರುವಾಗ ಬರೆದ ಅರ್ಜಿಯೂ ಅದರಲ್ಲೇ ಇತ್ತು.

ನಿನ್ನನ್ನು ಉಳಿಸಿದೆ ಎಂದುಕೊಂಡಿದ್ದೆ.

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಕಂಸ ಬಿಟ್ಟೆ ಎಂದು ನೀನು ಹೆಮ್ಮೆಯಿಂದ ಬರೆದಾಗ, ಒಳಗೇನಿತ್ತು ಎಂದು ನಾನು ಕೇಳಬೇಕಿತ್ತು. ಇಪ್ಪತ್ತೆರಡು ವರ್ಷ ನಿನ್ನ ಒಂದೊಂದು ಅಕ್ಷರದ ಕಾವಲು ಕಾಯ್ದವನು ನಾನು. ಶಹಭಾಸ್ ಎಂದು ಬರೆಸಿ ಸುಮ್ಮನಾದೆ. ಇದನ್ನು ನಿನ್ನ ವೈನಿಗೆ ಇನ್ನೂ ಹೇಳಿಲ್ಲ. ಯಾವ ಬಾಯಿಂದ ಹೇಳಲಿ.

ಜಟ್ಟೆಪ್ಪ

·

ಬೆಳಗಾವಿ, ಬಸ್ ನಿಲ್ದಾಣ
೯ ಏಪ್ರಿಲ್ ೨೦೦೨

ಮಾಸ್ತರರಿಗೆ ನಿಜಗುಣಪ್ಪನ ಶರಣಾರ್ಥಿ.

ಬಸ್ಸು ಬರಲು ಇನ್ನೂ ಗಂಟೆ ಇದೆ. ಆರುವ ಮೊದಲೇ ಬರೆದುಬಿಡುತ್ತೇನೆ. ಇದನ್ನೂ ಪಕ್ಕದ ಮನೆಯ ಹುಡುಗಿಯಿಂದಲೇ ಓದಿಸಿಕೊಳ್ಳಿರಿ. ವೈನಿ, ಮೀನಾ ಮೊದಲಿನ ಬಸ್ಸಿಗೆ ಹೋದರು. ಅವರು ಹೇಳುವುದನ್ನು ಹೇಳಲಿ, ನಾನು ಕಂಡದ್ದನ್ನು ನಾನು ಹೇಳಬೇಕು.

ಸಣ್ಣ ಕೋಣೆ. ಎದುರಿಗೆ ಅಧ್ಯಕ್ಷರು, ಪಕ್ಕದಲ್ಲಿ ಇಬ್ಬರು ಸದಸ್ಯರು. ಹಿಂದೆ ಕುಳಿತುಕೊಳ್ಳುವ ಬಾಕುಗಳಲ್ಲಿಯೂ ವರಾಂಡದಲ್ಲಿಯೂ ನಮ್ಮ ಮಂದಿ: ಯರಗಟ್ಟಿಯ ಅಂಗಡಿಯವರು, ಸವದತ್ತಿಯ ಮಾಸ್ತರುಗಳು, ರಾಮದುರ್ಗದ ನೇಕಾರರು. ನಾನು ಒಳಗೆ ಬಂದಾಗ ಯಾರೂ ಬೈಯಲಿಲ್ಲ. ಒಂದು ಮುದುಕಿ ಸರಿದು ದಾರಿ ಬಿಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಕಟಕಟೆಯಲ್ಲಿ ನಿಂತೆ. ಅಭ್ಯಾಸಬಲ, ಎಡಗಡೆ ಪರದೆಯ ಮರೆಗೆ ಕಿವಿ ಹೋಯಿತು. ಅಲ್ಲೊಂದು ಕಬ್ಬಿಣದ ಕಪಾಟು. ಹುಟ್ಟಿ ಮೊದಲ ಸಲ ಮಾತು ಎತ್ತಿಕೊಡುವವರೂ ಇಲ್ಲದೆ, ಬಾಯಿಪಾಠವೂ ಇಲ್ಲದೆ ನಿಂತಿದ್ದೆ.

ಕಂಸದ ಸಾಲು ಹೇಳಲಿಲ್ಲ ಎಂದೆ. ರಾಯಪ್ಪ ನೋಡಿಯೂ ಸುಮ್ಮನಿದ್ದ ಎಂದೆ. ಕಂಪನಿಯ ವಕೀಲ ಎದ್ದ. “ಇದಕ್ಕ ಪುರಾವೆ?” ನನ್ನಲ್ಲಿ ಇರಲಿಲ್ಲ. “ಹೊಸಾ ಕೆಲಸ ಕೇಳಿ ಬಂದಿದ್ರಿ, ಕಂಪನಿ ಕೊಡಲಿಲ್ಲ. ಅದಕ್ಕ ಈ ಸಿಟ್ಟು. ಹೌದಿಲ್ಲೋ?” ವೈನಿ ಎರಡನೆಯ ಬಾಕಿನಲ್ಲಿ ನೆಲ ನೋಡುತ್ತ ಕುಳಿತಿದ್ದರು.

ಆಗ ಅಧ್ಯಕ್ಷರು, ಮೆತ್ತಗಿನ ಮನುಷ್ಯ, “ಏನಂತ ಸಾರತಿದ್ರಿ, ಅದನ್ನ ಒಂದ್ಸಲಾ ಇಲ್ಲೇ ಹೇಳ್ರಿ ನೋಡೋಣು” ಎಂದರು.

ಎರಡು ವರ್ಷದಿಂದ ಎತ್ತದ ಧ್ವನಿ, ಮಾಸ್ತರ. ಮೊದಲ ಮಾತು ಹರಿದ ತಮಟೆಯಂತೆ ಬಂತು. ಎರಡನೆಯದಕ್ಕೆ ದಾರಿ ಸಿಕ್ಕಿತು. “ಮಳೆಗೆ ಅಂಜದ ಬೆಳೆ” ಎನ್ನುವಷ್ಟರಲ್ಲಿ ಕಿಟಕಿಯ ಗಾಜು ನಡುಗುತ್ತಿತ್ತು. ಆಗ ಹಿಂದಿನಿಂದ ಒಂದು ಗುಂಯ್‌ಗುಡುವ ಸದ್ದು. ತಿರುಗಿ ನೋಡುತ್ತೇನೆ, ಬಾಕಿನ ಮೇಲಿದ್ದವರ ತುಟಿಗಳೆಲ್ಲ ಆಡುತ್ತಿವೆ. “ಕಳ್ಳನಿಗೆ ಸಿಗದ ಗಂಟು.” ಒಬ್ಬೊಬ್ಬರಾಗಿ ಧ್ವನಿ ಕೂಡಿದರು. ವರಾಂಡದವರೂ ಕೂಡಿದರು. ಎಂಬತ್ತು ಮಂದಿಗೂ ಬಾಯಿಪಾಠ. ತಮ್ಮನ್ನು ಮುಳುಗಿಸಿದ ಮಾತನ್ನು ವಚನದಂತೆ ಹೇಳುತ್ತಿದ್ದರು. ವೈನಿ ತಲೆಯೆತ್ತಿದ್ದರು. ಅವರ ತುಟಿಯೂ ಆಡುತ್ತಿತ್ತು. “ನಿಮ್ಮ ಹೆಸರಿನ ಬಾಗಿಲು ನಿಮ್ಮ ದಾರಿ ಕಾಯುತ್ತಿದೆ.”

ಅಲ್ಲಿಗೆ ಎಲ್ಲರೂ ಒಮ್ಮೆಗೇ ನಿಂತರು. ಕತ್ತರಿಸಿದಂತೆ.

ಅಧ್ಯಕ್ಷರು ಅಚ್ಚಿನ ಕಾಗದ ಕೈಯಲ್ಲಿ ಹಿಡಿದು ಮಂದಿಯ ಕಡೆ ನೋಡಿದರು. “ಮುಂದ?”

ಯಾರಿಗೂ ಏನೂ ಗೊತ್ತಿರಲಿಲ್ಲ. ಮುಖ ಮುಖ ನೋಡಿಕೊಂಡರು. ಕಡೆಗೆ ಯರಗಟ್ಟಿಯ ಮುದಕಪ್ಪ ಎಂಬ ಕಿರಾಣಿ ಅಂಗಡಿಯವ ಎದ್ದು ನಿಂತು, “ಮುಂದ ಜೀಪ್ ಹೋಗತಿತ್ರೀ, ಸಾಹೇಬ್ರ” ಎಂದ.

ಯಾರೂ ನಗಲಿಲ್ಲ. ಸದಸ್ಯೆಯೊಬ್ಬರು ಅದನ್ನು ಬರೆದುಕೊಂಡರು. “ಎಷ್ಟ ಸಲಾ ಕೇಳೀರಿ?” ಎಂದು ಕೇಳಿದರು. “ವಾರಾ ಸಂತಿಗೆ ಬರತಿತ್ರಿ. ಆ ಮ್ಯಾನೇಜರ ಸಾಹೇಬ್ರೂ ಜೀಪಿನಾಗ ಕುಂತ ಬರತಿದ್ರು” ಎಂದ ಮುದಕಪ್ಪ. ಕಂಪನಿಯ ವಕೀಲ ಕುಳಿತುಕೊಂಡ.

ನೀವು ಸುಟ್ಟ ಪತ್ರ ಬೇಕಾಗಲಿಲ್ಲ, ಮಾಸ್ತರ. ಆ ಭಾರ ಇಳಿಸಿ ಮಲಗಿರಿ. ಹೊರಗೆ ಬಂದಾಗ ವೈನಿ ನನ್ನ ಕೈಗೆ ಒಂದು ಸಜ್ಜೆರೊಟ್ಟಿಯ ಗಂಟು ಇಟ್ಟರು. ಅದನ್ನೀಗ ಬಿಚ್ಚಿದ್ದೇನೆ, ತಿನ್ನಲು ಆಗುತ್ತಿಲ್ಲ.

ನಿಮ್ಮ,
ನಿಜಗುಣಪ್ಪ

·

ರಾಮದುರ್ಗ
೨೨ ಜೂನ್ ೨೦೦೩

ನಿಜಗುಣಪ್ಪ ಕಾಕಾ ಅವರಿಗೆ ಮೀನಾಳ ನಮಸ್ಕಾರಗಳು.

ಆದೇಶ ನಮ್ಮ ಕಡೆಗೆ ಆದದ್ದು ನಿಮಗೆ ಗೊತ್ತೇ ಇದೆ. ಸಾರುವಾಗ ಎಚ್ಚರಿಕೆ ಮುಚ್ಚಿಟ್ಟದ್ದು ಕಂಪನಿಯ ತಪ್ಪು, ಬರೆದು ಕಂಸದೊಳಗೆ ಇಟ್ಟ ಮಾತ್ರಕ್ಕೆ ಹೇಳಿದಂತೆ ಆಗಲಿಲ್ಲ ಎಂದು ಬರೆದಿದ್ದಾರೆ. ಆ ಪುಟವನ್ನು ನಾನೇ ನಾಲ್ಕು ಪ್ರತಿ ಟೈಪು ಮಾಡಿದೆ.

ಮುಂದಿನದನ್ನು ನಿಮಗೆ ಬರೆಯಲು ತಡಮಾಡಿದೆ. ಆದೇಶ ಹಿಡಿದು ಜಪ್ತಿಗೆ ಹೋದಾಗ ಭೂಮಿ ಕಂಪನಿಯ ಹೆಸರಿನಲ್ಲಿ ಇರಲೇ ಇಲ್ಲ. ಮೂರು ವರ್ಷದ ಲಾವಣಿಗೆ, ಎಂದರೆ ಗೇಣಿಗೆ, ಹಿಡಿದದ್ದಂತೆ. ಅದು ಎಂದೋ ಮುಗಿದಿದೆ. ಹೊಲದವರು ಕಬ್ಬು ಹಾಕಿದ್ದಾರೆ. ರಾಯಪ್ಪ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅವ್ವ ಹಟ ಹಿಡಿದು ನನ್ನ ಜೊತೆ ನೋಡಲು ಬಂದಿದ್ದಳು. ಬದುವಿನ ಮೇಲೆ ನಿಂತು, “ಪೂರ್ವ ಯಾಕಡಿ ಮೀನಾ?” ಎಂದು ಕೇಳಿದಳು. ತೋರಿಸಿದೆ. ಸ್ವಲ್ಪ ಹೊತ್ತು ಆ ಕಡೆ ನೋಡಿ, “ನಡಿ, ಬಸ್ಸ ತಪ್ಪತೈತಿ” ಎಂದಳು.

ಅಪ್ಪನಿಗೆ ಈಗ ಎರಡೂ ಕಣ್ಣು ಪೂರ್ತಿ ಇಲ್ಲ. ಪತ್ರ ಸುಟ್ಟದ್ದನ್ನು ಅವ್ವನಿಗೆ ಹೇಳಿದ. “ನೀರ ಕಾದ್ವಿಲ್ಲೋ, ಅಷ್ಟ ಬಂತು” ಎಂದಳು ಅವ್ವ. ಅಷ್ಟರ ಮೇಲೆ ಆ ಮಾತು ಮನೆಯಲ್ಲಿ ಎದ್ದಿಲ್ಲ.

ಈ ಪತ್ರ ಬರೆಸಿದವಳು ಅವ್ವ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ:

“ನಿಜಗುಣಪ್ಪಾ, ನೀ ಚೀಲಾ ಹೊಲಕೋತ ಕುಂದರಬ್ಯಾಡ. ಧ್ವನಿ ದೇವರು ಕೊಟ್ಟದ್ದು, ಅದೇನ ಪಾಪಾ ಮಾಡೇತಿ. ಇವ್ರು ದಿನಾ ನಿನ್ನ ಹೆಸರ ತಗೀತಾರ. ನಿನ್ನ ಕಾಗದಾ ಓದಿ ಹೇಳಿದ್ರ ಬ್ಯಾಡ ಅಂತಾರ, ಅಂವಾ ಬಂದ ಮಾತಾಡ್ಲಿ ಅಂತಾರ. ಬಂದ ಹೋಗು. ಓಣಿ ಮಂದಿ ಏನೂ ಅನ್ನಂಗಿಲ್ಲ, ನಾ ಹೇಳೇನಿ. ಆದ್ರ ಹಳೀ ಮನೀಗೆ ಹೋಗಬ್ಯಾಡ. ಅಲ್ಲಿ ಮಾಲಕರು ಮಗನ ಮದವಿ ಅಂತ ಬಿಡಿಸಿದ್ರು, ಆಮ್ಯಾಲೆ ಹಿಡದ ಮನೀನೂ ಎರಡ ತಿಂಗಳಕ್ಕ ಬಿಡಬೇಕಾತು. ಈಗ ನೇಕಾರ ಓಣಿಯೊಳಗ ಸೋಮವ್ವನ ಹಿತ್ತಲಕೋಲಿಯೊಳಗ ಅದೇವಿ. ಮೀನಾ ಕೆಳಗ ವಿಳಾಸ ಬರೀತಾಳ. ನೀ ಅದನ್ನ ಪೆನ್ಸಿಲಿನಾಗ ಬರಕೊಳ್ಳಪ.”

ಮೀನಾ
ಸೋಮವ್ವನ ಹಿತ್ತಲಕೋಲಿ,
ನೇಕಾರ ಓಣಿ, ರಾಮದುರ್ಗ